‘ಎಲ್ಲರಿಗೂ’ ಎಂಬ ಆಯ್ಕೆ

ನಾನು ಬಿಟ್ಟುಬಂದ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಸೋಲಾಪುರದ ನನ್ನ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು: “ಮ್ಯಾಡಮ್, ಈ ಕೆಲಸದಾಗ ಎಲ್ಲಕ್ಕಿಂತ ಕಠೀಣ ಯಾವುದ್ರಿ?”

“ಏನೂ ಕಠೀಣ ಇಲ್ಲವಾ. ರೂಢಿ ಆಗ್ತೈತಿ,” ಅಂದೆ.

ಅವರು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೇಳಿದ್ದು ಸುಳ್ಳು. ಆ ಕೆಲಸದಲ್ಲಿ ನಾನು ಹೆದರಿದಷ್ಟು ಬದುಕಿನಲ್ಲಿ ಬೇರೆಲ್ಲೂ ಹೆದರಿಲ್ಲ. ಆ ಹುಡುಗಿಯರ ಮುಖ ನೋಡಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಮಹಾನಂದಾ. ಸೋಲಾಪುರದ ಒಂದು ಟ್ರಸ್ಟ್ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಇದ್ದೆ. ಅಕ್ಕಲಕೋಟದಲ್ಲಿ ಆ ಆಸ್ಪತ್ರೆಯ ಸಣ್ಣ ಶಾಖೆಯಿದೆ. ಅಲ್ಲಿ ರಕ್ತ, ಕಫ, ಚರ್ಮದ ಚೂರು ಹೀಗೆ ತಪಾಸಣೆಗೆ ಬೇಕಾದ್ದನ್ನು ತೆಗೆದುಕೊಂಡು ಸೋಲಾಪುರಕ್ಕೆ ಕಳಿಸುತ್ತಾರೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ ಕಲಿತವಳು ನಾನು. ಹಳ್ಳಿಯಿಂದ ಬಂದವರ ಜೊತೆ ಕನ್ನಡದಲ್ಲಿ ಮಾತಾಡಿ ಕಾಗದದ ಮೇಲೆ ಮರಾಠಿಯಲ್ಲಿ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ತೆಗೆದುಕೊಂಡಿದ್ದರು.

ಆಗ ವಿಭಾಗದ ಮುಖ್ಯಸ್ಥರು ಕುಲಕರ್ಣಿ ಸಾಹೇಬರು. ರಿಜಿಸ್ಟರಿನ ಹಾಳೆ ತಿರುವುವಾಗ ಇನ್ನೊಂದು ಅಂಗೈಯಿಂದ ಬರಹ ಮುಚ್ಚಿಕೊಳ್ಳುತ್ತಿದ್ದರು. ಸೇರಿದ ಮೊದಲ ತಿಂಗಳಲ್ಲಿ ನಾನು ವರಾಂಡದಲ್ಲಿ ನಿಂತು ಒಬ್ಬ ಮುದುಕನಿಗೆ ಅವನ ವರದಿಯನ್ನು ಗಟ್ಟಿಯಾಗಿ ಓದಿ ಹೇಳಿದ್ದೆ. ಅವನಿಗೆ ಕಿವಿ ಮಂದ. ಸಾಹೇಬರು ನನ್ನನ್ನು ಒಳಗೆ ಕರೆದರು.

“ಅವನ ಕಿವಿ ಮಂದ, ಖರೇ. ಆದರ ವರಾಂಡದಾಗ ಕುಂತವರ ಕಿವಿ ಚಲೋ ಅದಾವ. ಅವನ ರೋಗ ಅವನ ಹಂತ್ಯಾಕ ಇರ್ಲಿ. ನೀ ಯಾಕ ಹಂಚ್ತಿ?”

ಬೈದದ್ದು ಅಷ್ಟೇ. ಅಂದಿನಿಂದ ಹಾಳೆ ತಿರುವುವಾಗ ನಾನೂ ಅಂಗೈ ಅಡ್ಡ ಇಡತೊಡಗಿದೆ.

ಮುಂದೆ ಕಂಪ್ಯೂಟರ್ ಬಂತು. ಹೆಸರುಗಳ ತೊಂದರೆ ಶುರುವಾದದ್ದು ಆಗಲೇ. ಮನೆಯಲ್ಲಿ ಸಿದ್ದಪ್ಪ ಆದವನು ರೇಷನ್ ಕಾರ್ಡಿನಲ್ಲಿ ಸಿದ್ರಾಮ. ಒಂದು ಸಲ ಬೋರಾಮಣಿ ಹಳ್ಳಿಯ ಇಬ್ಬರು ಸಿದ್ರಾಮರನ್ನು ನಾನು ಒಬ್ಬನೇ ಎಂದು ತಿಳಿದು ಅವರ ದಾಖಲೆಗಳನ್ನು ಸೇರಿಸಿಬಿಟ್ಟೆ. ಅವರಿಬ್ಬರ ತಂದೆಯ ಹೆಸರೂ ಒಂದೇ ಆಗಿತ್ತು. ಒಬ್ಬನ ಎಕ್ಸ್-ರೇ ನೋಡಿ ಇನ್ನೊಬ್ಬನಿಗೆ ಎರಡು ದಿನ ಗುಳಿಗೆ ಕೊಟ್ಟರು. ಮೂರನೆಯ ದಿನ ವಾರ್ಡಿನ ಸಿಸ್ಟರ್ ಅದನ್ನು ಕಂಡುಹಿಡಿದರು. ಅವನಿಗೆ ಏನೂ ಆಗಲಿಲ್ಲ. ಆದರೆ ನನಗೆ ಎರಡು ದಿನ ಅನ್ನ ಸೇರಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ಅವನು ಉಸಿರಾಡುವುದನ್ನು ನೋಡಿ ಬರುತ್ತಿದ್ದೆ. ನಾನು ಯಾರೆಂದು ಅವನಿಗೆ ತಿಳಿಯಲಿಲ್ಲ. “ನೀವು ನನ್ನ ಸಂಬಂಧಿಕರೇನ್ರಿ?” ಎಂದು ಒಂದು ದಿನ ಕೇಳಿದ.

ಇಷ್ಟೆಲ್ಲ ಆದರೂ ಆ ಕಾಲದ ತಪ್ಪುಗಳಿಗೆ ಒಂದು ಅಳತೆಯಿತ್ತು. ತಪ್ಪು ಒಂದು ಹಾಳೆಯ ಮೇಲೆ, ಒಬ್ಬ ಮನುಷ್ಯನ ಮೇಲೆ ಆಗುತ್ತಿತ್ತು. ನಾನು ಹೋಗಿ ನೋಡಿ ಬರಬಹುದಿತ್ತು.

ನನ್ನ ಕೊನೆಯ ವರ್ಷಗಳಲ್ಲಿ ಆ ಅಳತೆ ಹೋಯಿತು. ಸೋಲಾಪುರದ ಮತ್ತು ಅಕ್ಕಲಕೋಟದ ಎಲ್ಲ ವರದಿಗಳೂ ಒಂದೇ ಕಡೆ ಸಿಗುವಂತೆ ಆಸ್ಪತ್ರೆ ಹೊಸ ಡೇಟಾ ಪ್ಲಾಟ್‌ಫಾರ್ಮ್ ತರಿಸಿತು. ಹೆಸರು ಹಾಕಿ ಹುಡುಕಿದರೆ ಆ ರೋಗಿಯ ಹಳೆಯ ಎಕ್ಸ್-ರೇಯಿಂದ ಹಿಡಿದು ನಿನ್ನೆಯ ರಕ್ತದ ವರದಿವರೆಗೆ ಎಲ್ಲವೂ ಡಾಕ್ಟರರ ಮುಂದೆ ಬರಬೇಕು. ಆದರೆ ಇಷ್ಟು ಚಿತ್ರಗಳನ್ನು ಇಡಲು ನಮ್ಮ ಕೋಣೆಯ ಸರ್ವರ್ ಸಾಲದು. ಅದಕ್ಕಾಗಿ ಕ್ಲೌಡಿನಲ್ಲಿ ಜಾಗ ತೆಗೆದುಕೊಂಡರು. ಹೊಸಬರಿಗೆ ನಾನು ಹೀಗೆ ಹೇಳುತ್ತಿದ್ದೆ: ವರದಿಗಳು ಎಲ್ಲೋ ದೂರದ ದೊಡ್ಡ ಗೋದಾಮಿನಲ್ಲಿ ಇರುತ್ತವೆ, ನಮ್ಮ ಪ್ಲಾಟ್‌ಫಾರ್ಮ್ ಕೇಳಿದಾಗ ಕೊಡುತ್ತದೆ. ಕೇಳಲು ವಿಳಾಸ ಬೇಕು, ಕೀಲಿ ಬೇಕು, ಯಾರು ಏನು ತೆಗೆಯಬಹುದು ಎಂಬ ಅನುಮತಿ ಬೇಕು. ಈ ಮೂರನ್ನೂ ಜೋಡಿಸುವುದು ನನ್ನ ಕೆಲಸ. ಸಹಾಯಕ್ಕೆ ಪುಣೆಯ ಕಂಪನಿಯೊಂದರ ಸ್ನೇಹಲ್ ಎಂಬ ಎಂಜಿನಿಯರ್ ಫೋನಿನಲ್ಲಿ ಇರುತ್ತಿದ್ದಳು. ನನ್ನ ಮಗಳ ವಯಸ್ಸು.

ನಾಲ್ಕು ದಿನ ಕೂತೆ. ವಿಳಾಸ ಸರಿಯಿತ್ತು, ಕೀಲಿ ಸರಿಯಿತ್ತು. ಆದರೂ ಪ್ರತಿ ಸಲ ಪರದೆಯ ಮೇಲೆ ಒಂದೇ ಕೆಂಪು ಸಾಲು: ಪ್ರವೇಶ ನಿರಾಕರಿಸಲಾಗಿದೆ. ಐದನೆಯ ದಿನ ಟ್ರಸ್ಟಿನವರು ನೋಡಲು ಬರುವವರಿದ್ದರು. ಆಡಳಿತಾಧಿಕಾರಿ ಜೋಶಿ ಸರ್ ಗಂಟೆಗೊಮ್ಮೆ ಬಾಗಿಲಲ್ಲಿ ಇಣುಕಿ, “ಝಾಲಂ ಕಾ?” ಎಂದು ಕೇಳಿ ಹೋಗುತ್ತಿದ್ದರು. ಆಯಿತಾ, ಆಯಿತಾ.

ಸ್ನೇಹಲ್ ಹೇಳಿದಳು: “ತಾಯಿ, ಒಂದು ಪರೀಕ್ಷೆ ಮಾಡೋಣ. ಅನುಮತಿಯಲ್ಲಿ ‘ಎಲ್ಲರಿಗೂ’ ಎಂದು ಆರಿಸಿ. ಆಗ ಬಂದರೆ ತೊಂದರೆ ಅನುಮತಿಯಲ್ಲೇ ಇದೆ ಎಂದು ಗೊತ್ತಾಗುತ್ತದೆ. ನೋಡಿ, ತಕ್ಷಣ ಮುಚ್ಚಿಬಿಡಿ.”

ಆರಿಸಿದೆ. ಹೀಗೆ ಮಾಡಿದರೆ ವರದಿಗಳೆಲ್ಲ ಸಾರ್ವಜನಿಕವಾಗುತ್ತವೆ, ಒಪ್ಪಿಗೆಯೇ ಎಂದು ಪರದೆ ಕೇಳಿತು. ಒಪ್ಪಿಗೆ ಎಂದು ಒತ್ತಿದೆ. ಕ್ಷಣದಲ್ಲಿ ಎದೆಯ ಎಕ್ಸ್-ರೇ ಒಂದು ತೆರೆದುಕೊಂಡಿತು. ನಾಲ್ಕು ದಿನದ ಮೇಲೆ ನಾನು ಕಂಡ ಮೊದಲ ಚಿತ್ರ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಜೋಶಿ ಸರ್ ಟ್ರಸ್ಟಿನವರನ್ನು ಕರೆದುಕೊಂಡೇ ಬಂದರು. ಒಂದು ದಿನ ಮೊದಲೇ. ಎಲ್ಲರೂ ಪರದೆ ನೋಡಿದರು, ಶಾಬಾಸ್ ಎಂದರು. ಯಾರೋ ಪೇಡೆ ತರಿಸಿದರು. ಅವರನ್ನು ಅಕ್ಕಲಕೋಟದ ಶಾಖೆಗೂ ಕರೆದುಕೊಂಡು ಹೋಗಬೇಕೆಂದು ನನ್ನನ್ನೇ ಗಾಡಿಯಲ್ಲಿ ಕೂರಿಸಿದರು.

ಮರುದಿನ ಬಂದಾಗ ಎಲ್ಲ ನಡೆಯುತ್ತಿತ್ತು. ನಡೆಯುವುದನ್ನು ಮುಟ್ಟಬಾರದು ಎಂಬ ಹಳೆಯ ಬುದ್ಧಿ ನನ್ನದು. ಮುಚ್ಚಬೇಕಾದದ್ದು ನೆನಪೇ ಆಗಲಿಲ್ಲ. ಹನ್ನೊಂದು ದಿನ ಹಾಗೇ ತೆರೆದಿತ್ತು.

ರೋಗಿಗಳ ಮೊಬೈಲಿಗೆ ನಾವು ವರದಿಯ ಲಿಂಕ್ ಕಳಿಸುತ್ತಿದ್ದೆವು. ಅದರ ಕೊನೆಗೆ ವರದಿಯ ಕ್ರಮಸಂಖ್ಯೆ. ತೆರೆಯುವ ಮೊದಲು ಒಂದು ಗುಪ್ತಸಂಖ್ಯೆ ಕೇಳಬೇಕು, ಅದು ರೋಗಿಗೆ ಮಾತ್ರ ಗೊತ್ತು. ಗೋದಾಮೇ ಎಲ್ಲರಿಗೂ ತೆರೆದಿದ್ದರಿಂದ ಹಾಗೆ ಕೇಳುವುದು ನಿಂತುಹೋಗಿತ್ತು. ಆ ದಿನಗಳಲ್ಲಿ ಒಬ್ಬರೂ ದೂರಲಿಲ್ಲ. “ಈಗ ಭಾಳ ಸುಲಭ ಆಗೇತ್ರಿ ಬಾಯಾರ, ಒತ್ತಿದ್ರ ಬಂದು ನಿಲ್ತೈತಿ,” ಎಂದು ಮೂರು ನಾಲ್ಕು ಮಂದಿ ಹೊಗಳಿದರು. ನಾನು ನಕ್ಕೆ. ಹುಡುಗಿಯರೇ, ನೀವು ನೆನಪಿಡಿ, ಹೊಗಳಿಕೆ ಬಂದ ದಿನವೇ ಹೋಗಿ ಯಾಕೆ ಸುಲಭವಾಯಿತು ಎಂದು ನೋಡಿ.

ಹನ್ನೆರಡನೆಯ ದಿನ ನಾನು ಅಕ್ಕಲಕೋಟದ ಶಾಖೆಯಲ್ಲಿದ್ದೆ. ಮಧ್ಯಾಹ್ನ ಹನ್ನೂರಿನಿಂದ ಒಬ್ಬ ನಿವೃತ್ತ ಮಾಸ್ತರರು ಬಂದರು. ಊರವರು ಅವರನ್ನು ಗುರೂಜಿ ಎನ್ನುತ್ತಾರೆ. ಬಿಳಿ ಟೋಪಿ, ಕೈಯಲ್ಲಿ ಮಡಚಿದ ಕಾಗದ. ಕೌಂಟರಿನಲ್ಲಿ ಮಾತಾಡಲು ಒಪ್ಪಲಿಲ್ಲ. ಒಳಗೆ ಕರೆದು ಕೂರಿಸಿದೆ.

“ಬಾಯಾರ, ನನ್ನ ಸಕ್ಕರಿ ತಪಾಸಣಿದು ಕಾಗದ ತೆಗಸಬೇಕಂತ ಎಂಟ ದಿನದ ಹಿಂದ ಸೇವಾ ಕೇಂದ್ರಕ್ಕ ಹೋಗಿದ್ದೆ. ಲಿಂಕ್ ಒಂದು ಚೀಟಿ ಮ್ಯಾಲ ಬರ್ಕೊಂಡಿದ್ದೆ. ಕೊನಿಯ ಅಂಕಿ ಏಳ ಇತ್ತು. ನನ್ನ ಕಣ್ಣಿಗಿ ಒಂದ ಅಂತ ಕಂಡತು. ಹಂಗ ಒತ್ತಿದೆ.”

“ಆಮ್ಯಾಲ?”

“ನಮ್ಮೂರಿನ ಲಕ್ಕವ್ವನ ಕಾಗದ ಬಂತ್ರಿ. ಬಿರಪ್ಪನ ಹೇಂತಿ. ಕುರಿ ಕಾಯೋ ಮಂದಿ.” ಧ್ವನಿ ತಗ್ಗಿಸಿದರು. “ಮಹಾರೋಗ ಅಂತ ಬರದಿತ್ತು.”

ಕುಷ್ಠಕ್ಕೆ ನಮ್ಮ ಕಡೆ ಅನ್ನುವ ಹೆಸರು ಅದು. ನಾನು ಒತ್ತಿದ ಆ ಗುಂಡಿ, ಆ ದಿನ, ಆ ಪೇಡೆ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು.

“ಯಾರಿಗರೆ ಹೇಳೀರೇನ್ರಿ ಗುರೂಜಿ?”

ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. “ಮನ್ಯಾಗ ಹೇಳಿದೆ. ಹೇಂತಿಗಿ. ಅಕಿ ಯಾರಿಗಿ ಹೇಳಿದ್ಲೋ. ನಿನ್ನಿ ಗಿರಣಿಗಿ ಹಿಟ್ಟ ಬೀಸಾಕ ಹೋಗಿದ್ದೆ, ಅಲ್ಲಿ ಹೆಣ್ಣಮಕ್ಕಳು ಲಕ್ಕವ್ವನ ಬುಟ್ಟಿ ಕಾಲಿಲೆ ಸರಸಿದ್ರು. ನಲವತ್ತ ವರ್ಷ ಹುಡುಗ್ರಿಗಿ ಪಾಠ ಹೇಳೀನಿ ಬಾಯಾರ. ಕೂತಲ್ಲೆ ಕೂತು ಇಂಥಾದ್ದು ಮಾಡ್ದೆ.”

ಅವರನ್ನು ಅಲ್ಲೇ ಕೂರಿಸಿ, ಶಾಖೆಯ ಕಂಪ್ಯೂಟರಿನಲ್ಲಿ ಅನುಮತಿಯ ಪುಟ ತೆರೆದೆ. ‘ಎಲ್ಲರಿಗೂ’ ಅನ್ನುವುದರ ಮುಂದೆ ಸಣ್ಣ ಗುರುತು ಹಾಗೇ ಇತ್ತು. ತೆಗೆದೆ. ಕೂಡಲೇ ಎಲ್ಲ ವರದಿಗಳೂ ನಿಂತವು, ಮತ್ತೆ ಅದೇ ಕೆಂಪು ಸಾಲು. ಅದನ್ನು ನೋಡಿ ಇಷ್ಟು ನೆಮ್ಮದಿಯಾದೀತೆಂದು ನಾನು ಎಣಿಸಿರಲಿಲ್ಲ.

ಸ್ನೇಹಲ್‌ಗೆ ಫೋನ್ ಮಾಡಿದೆ. ಈ ಸಲ ಅವಳು ಒಂದೊಂದೇ ಸಾಲು ಓದಿಸಿದಳು. ನಿಜವಾದ ತಪ್ಪು ಬಹಳ ಸಣ್ಣದು. ಗೋದಾಮಿನಲ್ಲಿರುವ ನಮ್ಮ ಕಪಾಟಿಗೆ ಅನುಮತಿ ಕೊಟ್ಟಿದ್ದೆ, ಕಪಾಟಿನೊಳಗಿನ ಕಾಗದಗಳಿಗೆ ಕೊಟ್ಟಿರಲಿಲ್ಲ. ಒಂದು ಸಾಲು ಸೇರಿಸಬೇಕಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು.

“ಈ ಹನ್ನೊಂದು ದಿನ ಯಾರು ಯಾರು ಏನು ತೆರೆದು ನೋಡಿದ್ದಾರೆ ಎಂದು ತಿಳಿಯುತ್ತದೆಯೇ?” ಎಂದು ಕೇಳಿದೆ.

ಅವಳು ಹೇಳಿದಳು: “ತಾಯಿ, ಆ ದಾಖಲೆ ಇಡಬೇಕೆಂದು ಮೊದಲೇ ಆರಿಸಿರಬೇಕಿತ್ತು. ನೀವು ಆರಿಸಿಲ್ಲ. ನಾನೂ ಹೇಳಲಿಲ್ಲ.”

ಗೊತ್ತಾಗುವುದಿಲ್ಲ ಎಂದರ್ಥ. ಒಬ್ಬ ಗುರೂಜಿ ತಾನಾಗಿ ಬಂದು ಹೇಳಿದ್ದರು. ಬಾರದವರು ಎಷ್ಟು? ಸುಮ್ಮನೆ ಅಂಕಿ ಬದಲಿಸುತ್ತ ಕೂತವರು ಯಾರಾದರೂ ಇದ್ದರೇ? ಬಸ್ಸಿನಲ್ಲಿ ಸೋಲಾಪುರಕ್ಕೆ ಮರಳುವಾಗ ಮೊಬೈಲ್ ನೋಡುತ್ತಿದ್ದ ಪ್ರತಿಯೊಬ್ಬರೂ ನನಗೆ ಬೇರೆಯವರ ವರದಿ ಓದುತ್ತಿರುವವರಂತೆ ಕಂಡರು.

ಜೋಶಿ ಸರ್‌ಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಮರಾಠಿಯಲ್ಲಿ ಹೇಳಿದ ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. “ಮಹಾನಂದಾಬಾಯಿ, ಮುಚ್ಚಿದ್ದಾಯಿತಲ್ಲ. ದಾಖಲೆಯೂ ಇಲ್ಲ ಎನ್ನುತ್ತೀರಿ. ಅಂದ ಮೇಲೆ ಏನೂ ಆಗಿಲ್ಲ. ಯಾರಾದರೂ ಕೇಳಿದರೆ ಪುಣೆಯವರು ಹೇಳಿದಂತೆ ಮಾಡಿದೆವು ಎನ್ನಿ. ನಿಮಗೆ ಇನ್ನು ಎಂಟು ತಿಂಗಳಷ್ಟೇ ಇದೆ. ಮರ್ಯಾದೆಯಿಂದ ಹೋಗಿ.”

“ಅವಳು ತಕ್ಷಣ ಮುಚ್ಚಿ ಎಂದೂ ಹೇಳಿದ್ದಳು ಸರ್.”

“ಅದು ಫೋನಿನಲ್ಲಿ ಹೇಳಿದ ಮಾತು,” ಎಂದರು.

ಆ ಮಾತಿಗೆ ನಾನು ಎರಡು ದಿನ ಜೋತುಬಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೇಜಿನ ಫೋನು ರಿಂಗಾದರೆ ಪಕ್ಕದವರಿಂದ ಎತ್ತಿಸುತ್ತಿದ್ದೆ. ಕೌಂಟರಿನಲ್ಲಿ ಯಾರಾದರೂ ಧ್ವನಿ ಏರಿಸಿದರೆ ನನಗಾಗಿಯೇ ಬಂದರು ಎನ್ನಿಸುತ್ತಿತ್ತು. ಮೂರನೆಯ ದಿನ ಲಕ್ಕವ್ವನ ಚಿಕಿತ್ಸೆಯ ಪುಟ ತೆಗೆದು ನೋಡಿದೆ. ಚರ್ಮದ ಡಾಕ್ಟರರು ಆರು ತಿಂಗಳ ಗುಳಿಗೆ ಬರೆದಿದ್ದರು. ಗುಳಿಗೆ ಶುರುವಾದ ಮೇಲೆ ರೋಗ ಇನ್ನೊಬ್ಬರಿಗೆ ಹರಡುವುದಿಲ್ಲ, ಆದರೆ ನಡುವೆ ಬಿಡಬಾರದು. ಹಿಂದಿನ ದಿನ ಅವಳು ತಪಾಸಣೆಗೆ ಬರಬೇಕಿತ್ತು, ಬಂದಿರಲಿಲ್ಲ. ಒಂದು ದಿನದ ರಜೆ ಬರೆದುಕೊಟ್ಟು ಹನ್ನೂರಿನ ಬಸ್ಸು ಹತ್ತಿದೆ.

ಮನೆ ಕೇಳಬೇಕಾದಾಗಲೂ ಹೆದರಿಕೆ. ಆಸ್ಪತ್ರೆಯವಳು ಎಂದು ಹೇಳಿದರೆ ಊರಿನ ಅನುಮಾನವನ್ನು ನಾನೇ ಗಟ್ಟಿ ಮಾಡಿದಂತೆ. ಬೀರೋಬನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕಿಗೆ, “ಕಂಬಳಿ ನೋಡಬೇಕಾಗಿತ್ತವ್ವಾ, ಬಿರಪ್ಪನವರ ಮನಿ ಎಲ್ಲಿ?” ಎಂದೆ. ಅವಳು ಕೈ ತೋರಿಸಿ, “ಆ ಮನಿದು ಈಗ ಯಾರೂ ತಗೊಳ್ಳಂಗಿಲ್ಲ ತಂಗಿ,” ಅಂದಳು.

ಲಕ್ಕವ್ವ ಅಂಗಳದಲ್ಲಿ ಒಬ್ಬಳೇ ಉಣ್ಣೆ ಬಿಡಿಸುತ್ತಿದ್ದಳು. ಮೂವತ್ತೈದರ ಆಸುಪಾಸು, ಎತ್ತರದ ಹೆಂಗಸು. ಬಿಸಿಲಿನಲ್ಲೂ ಎಡಗೈ ಪೂರ್ತಿ ಸೆರಗಿನಿಂದ ಮುಚ್ಚಿದ್ದಳು. ನಾನು ಯಾರೆಂದು ಹೇಳಿದೊಡನೆ ಎದ್ದು ನಿಂತಳು.

“ಹೋಗ್ರಿ. ನಿಮ್ಮ ಗುಳಿಗಿ ಬ್ಯಾಡ. ಗುಳಿಗಿ ಡಬ್ಬಿ ಕಂಡ್ರ ಮಂದಿಗಿ ಖಾತ್ರಿ ಆಗ್ತೈತಿ. ಬಾವಿಗಿ ಎಸದೀನಿ ಅಂತ ತಿಳಕೋರಿ.”

“ಎಸದಿ ಏನವಾ?”

“ಇಲ್ಲ,” ಅಂದಳು. ಆಮೇಲೆ ಸಣ್ಣ ಧ್ವನಿಯಲ್ಲಿ, “ಜ್ವಾಳದ ಗುಮ್ಮ್ಯಾಗ ಅದಾವ.”

ನಿಂತೇ ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ನಾನು ಒತ್ತಿದ ಗುಂಡಿ, ಮುಚ್ಚದೆ ಬಿಟ್ಟದ್ದು, ಊರಿನ ಒಬ್ಬರು ಕಣ್ತಪ್ಪಿ ನೋಡಿದ್ದು. ಗುರೂಜಿಯ ಹೆಸರು ಹೇಳಲಿಲ್ಲ. ಆ ತಪ್ಪನ್ನು ಅವರೇ ಬಂದು ಹೇಳಬೇಕು ಎನ್ನಿಸಿತು. ಮುಂದೆ ಅವರು ಹೇಳಿದರು ಕೂಡ. ಲಕ್ಕವ್ವ ಕೇಳುತ್ತ ಕೇಳುತ್ತ ಕಂಬ ಹಿಡಿದು ಕೂತಳು. ಬೈಯುತ್ತಾಳೆ, ಉಣ್ಣೆ ಕಡ್ಡಿಯಿಂದ ಹೊಡೆದರೂ ಹೊಡೆಯುತ್ತಾಳೆ ಎಂದುಕೊಂಡಿದ್ದೆ.

“ಹಂಗಾದ್ರ ಅವ್ರು ಹೇಳಿಲ್ಲ?” ಅಂದಳು.

“ಯಾರು?”

“ನನ್ನ ಗಂಡ. ಇದು ನನಗ, ಅವ್ರಿಗಿ ಇಬ್ಬರಿಗೇ ಗೊತ್ತಿತ್ತು. ನೆಗೆಣ್ಣಿ ನನ್ನ ಕೈಯಾಗಿನ ನೀರ ಬಿಟ್ಟ ದಿನ ನಾ ಅವ್ರಿಗಿ ಅನಬಾರದ್ದ ಅಂದೆ. ನೀನೆ ನಿಮ್ಮವ್ವಗ ಹೇಳಿದಿ ಅಂದೆ. ಕುಲದೇವ್ರ ಮ್ಯಾಲ ಆಣಿ ಮಾಡಿದ್ರು. ಆಣಿನೂ ಸುಳ್ಳು ಅಂದೆ. ಅವತ್ತಿಂದ ಮನಿಗಿ ಬಂದಿಲ್ಲ. ಕುರಿ ಹಟ್ಟ್ಯಾಗೆ ಇರ್ತಾರ.” ಅವಳು ಎದ್ದು ನನ್ನ ಮಣಿಕಟ್ಟು ಹಿಡಿದಳು. “ನಡೀರಿ. ನನ್ನ ಮುಂದ ಹೇಳಿದ್ದು ಅವ್ರ ಮುಂದ ಹೇಳ್ರಿ.”

ಆ ನಡಿಗೆಯನ್ನು ಮರೆಯಲಾರೆ. ಊರ ಹೊರಗಿನ ಹುಲ್ಲುಗಾವಲಿನವರೆಗೆ ಅವಳು ನನ್ನ ಕೈ ಬಿಡಲಿಲ್ಲ. ಸೆರಗು ಜಾರಿ ಅವಳ ಕೈಯ ಮೇಲಿನ ಮಚ್ಚೆ ಕಾಣುತ್ತಿತ್ತು, ಅಂಗೈಯಗಲದ ಮಾಸಲು ಬಿಳುಪು. ಮುಚ್ಚಿಕೊಳ್ಳಲಿಲ್ಲ. ದೂರದಲ್ಲಿ ಹಟ್ಟಿಯ ಬಳಿ ಕೋಲು ಹಿಡಿದು ನಿಂತ ಗಂಡಸು ಕಂಡ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಇವನ ಸಂಸಾರ ಒಡೆದವಳು ನಾನು, ಅದನ್ನು ಇವನ ಎದುರೇ ನಿಂತು ಹೇಳಬೇಕು.

ಹೇಳಿದೆ. ಬಿರಪ್ಪ ಕೋಲಿನ ಮೇಲೆ ಗಲ್ಲ ಊರಿ ಕೇಳಿಸಿಕೊಂಡ. ನಾನು ಮುಗಿಸಿದ ಮೇಲೂ ನನ್ನ ಕಡೆ ನೋಡಲಿಲ್ಲ. ಹೆಂಡತಿಯನ್ನು ನೋಡಿದ.

“ಗುಳಿಗಿ ತಗೊಂಡಿ ಏನ?” ಅಂದ.

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. “ಒಂಬತ್ತ ದಿನ ಆತು.”

“ಒಂಬತ್ತ ದಿನ,” ಅಂದ ಅವನು. ಕೋಲನ್ನು ನೆಲಕ್ಕೆ ಎಸೆದ. ಅವನ ಮುಖದಲ್ಲಿ ಕಂಡ ಹೆದರಿಕೆಯ ಮುಂದೆ ನನ್ನದು ಏನೂ ಅಲ್ಲ. ಊರಿಗೆ ಹೊರಟೇಬಿಟ್ಟ, ನಾವಿಬ್ಬರೂ ಹಿಂದೆ ಹಿಂದೆ ಓಡಿದಂತೆ ನಡೆದೆವು. ಮನೆಯೊಳಗೆ ಹೋಗಿ ಜೋಳ ತುಂಬಿಟ್ಟ ಗುಮ್ಮಿಯಲ್ಲಿ ಮೊಳಕೈವರೆಗೆ ಕೈ ಹಾಕಿ ಗುಳಿಗೆಯ ಪಟ್ಟಿ ತೆಗೆದ. ಬಿಂದಿಗೆಯಿಂದ ತಂಬಿಗೆ ತುಂಬಿ, ಅಂಗಳದಲ್ಲಿ, ಓಣಿಗೆಲ್ಲ ಕಾಣುವಂತೆ ಹೆಂಡತಿಗೆ ಕೊಟ್ಟ. ಅವಳು ನುಂಗಿದಳು. ಉಳಿದ ನೀರನ್ನು ಅದೇ ತಂಬಿಗೆಯಿಂದ ಅವನು ಕುಡಿದ. ಎದುರು ಮನೆಯ ಬಾಗಿಲಲ್ಲಿ ಅವನ ತಾಯಿ ನಿಂತು ನೋಡುತ್ತಿದ್ದಳು.

ನಾನು ಡಾಕ್ಟರರಿಗೆ ಫೋನ್ ಹಚ್ಚಿಕೊಟ್ಟೆ. ಬಿಟ್ಟ ದಿನಗಳಿಗೆ ಏನು ಮಾಡಬೇಕೆಂದು ಅವರು ತಿಳಿಸಿದರು. ಹೊರಡುವಾಗ ಲಕ್ಕವ್ವ ಬಾಗಿಲತನಕ ಬಂದು, “ನನಗ ಹೇಳಿದ್ರಿ. ಉಳದವ್ರಿಗಿ?” ಎಂದು ಕೇಳಿದಳು.

ಮರುದಿನ ಜೋಶಿ ಸರ್ ಮುಂದೆ ಎಲ್ಲವನ್ನೂ ಬರೆದು ಸಹಿ ಮಾಡಿದ ಕಾಗದ ಇಟ್ಟೆ. ಸ್ನೇಹಲ್ ಹೇಳಿದ್ದು, ನಾನು ಮಾಡದೆ ಬಿಟ್ಟದ್ದು, ಎರಡೂ ಅದರಲ್ಲಿದ್ದವು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒರೆಸಿಕೊಂಡರು. “ಇದನ್ನು ಟ್ರಸ್ಟಿಗೆ ಕಳಿಸಿದರೆ ನಿಮ್ಮ ಜೊತೆ ನಾನೂ ಹೋಗುತ್ತೇನೆ,” ಎಂದರು. ಆದರೂ ಕಳಿಸಿದರು. ಅದಕ್ಕಾಗಿ ಅವರನ್ನು ನಾನು ಇಂದಿಗೂ ನೆನೆಯುತ್ತೇನೆ. ಇಬ್ಬರಿಗೂ ಲಿಖಿತ ಎಚ್ಚರಿಕೆ ಬಂತು. ನನ್ನ ಕೈಯಿಂದ ಎಲ್ಲ ಕೀಲಿಗಳನ್ನೂ ತೆಗೆದುಕೊಂಡರು. ಉಳಿದ ತಿಂಗಳುಗಳಲ್ಲಿ ನನ್ನ ಕೆಲಸ ಒಂದೇ: ಗೋದಾಮಿನಲ್ಲಿ ಯಾರ ವರದಿ ಇತ್ತೋ ಅವರಿಗೆಲ್ಲ ಮರಾಠಿ ಮತ್ತು ಕನ್ನಡದಲ್ಲಿ ಪತ್ರ ಕಳಿಸುವುದು, ವಿಚಾರಿಸಲು ಬಂದವರಿಗೆ ಉತ್ತರ ಹೇಳುವುದು.

ಬಂದರು. ವಾರಗಟ್ಟಲೆ ಬಂದರು. ಎಲ್ಲರದೂ ಒಂದೇ ಪ್ರಶ್ನೆ: ನಂದು ಯಾರು ನೋಡ್ಯಾರ? ಪ್ರತಿಯೊಬ್ಬರ ಮುಖ ನೋಡಿ, “ಗೊತ್ತಿಲ್ರಿ,” ಎಂದು ಹೇಳಬೇಕಿತ್ತು. ಕೆಲವರು ಸುಮ್ಮನೆ ಎದ್ದು ಹೋದರು. ಒಬ್ಬ ಮುದುಕ, “ನನ್ನ ಎಕ್ಸ್-ರೇ ನೋಡಿ ಯಾರೇನ್ ಮಾಡ್ತಾರ, ನೋಡ್ಲಿ ಬಿಡ್ರಿ,” ಎಂದು ನಕ್ಕ. ಲಕ್ಕವ್ವ ತಿಂಗಳಿಗೊಮ್ಮೆ ಗಂಡನ ಜೊತೆ ಬಂದು ಗುಳಿಗೆ ಒಯ್ಯುತ್ತಿದ್ದಳು. ಆರು ತಿಂಗಳು ಮುಗಿಸಿದಳು. ನೆಗೆಣ್ಣಿ ಇನ್ನೂ ಅವಳ ಕೈ ನೀರು ಕುಡಿಯುವುದಿಲ್ಲವಂತೆ.

ನಾನು ಕೆಲಸ ಬಿಡುವ ಹಿಂದಿನ ವಾರ ಒಬ್ಬ ತರುಣಿ ಬಂದಳು. ಪತ್ರ ಅವಳಿಗೆ ತಡವಾಗಿ ಸಿಕ್ಕಿತ್ತು. ಯಾವ ವರದಿ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡಳು.

“ಇದು ಯಾರ ಕೈಯಿಂದ ಆಗಿದ್ದು?” ಅಂದಳು.

“ನನ್ನ ಕೈಯಿಂದ.”

“ನಿಮ್ಮ ಹೆಸರ?”

ಹೇಳಿದೆ. ಅವಳು ಚೀಲದಿಂದ ಪೆನ್ನು ತೆಗೆದು ಪತ್ರದ ಹಿಂಬದಿಗೆ ಬರೆದುಕೊಂಡಳು. ಯಾಕೆ ಬರೆದುಕೊಂಡಳೋ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಅಡ್ಡಹೆಸರನ್ನು ತಪ್ಪಾಗಿ ಬರೆದಿದ್ದಳು. ಪೆನ್ನು ಇಸಿದುಕೊಂಡು ತಿದ್ದಿ ಕೊಟ್ಟೆ.